ಹದಿನೇಳು ವರ್ಷ ಯಾರಿಗೂ ಬೇಡವಾಗಿದ್ದ ಬ್ಯಾಂಡು

ಪಲ್ಪ್ ಅನ್ನೋ ಬ್ರಿಟಿಷ್ ಬ್ಯಾಂಡಿನ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಬೀಟಲ್ಸ್ ಎಲ್ಲರಿಗೂ ಗೊತ್ತು. ಪಿಂಕ್ ಫ್ಲಾಯ್ಡ್ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಮುಗಿಸಿದವರಿಗೆಲ್ಲ ಗೊತ್ತು (ಆ ಪೋಸ್ಟರ್ ಇಲ್ಲದ ಹಾಸ್ಟೆಲ್ ರೂಮು ನಾನಂತೂ ನೋಡಿಲ್ಲ :) ). ಪಲ್ಪ್ ಆ ಸಾಲಿಗೆ ಸೇರಿದ್ದಲ್ಲ. 1978ರಲ್ಲಿ ಶುರುವಾದ ಈ ಬ್ಯಾಂಡು ಹೆಸರು ಮಾಡಿದ್ದು 1995ರಲ್ಲಿ. ನಡುವಿನ ಹದಿನೇಳು ವರ್ಷ ಏನು ಮಾಡುತ್ತಿತ್ತು? ಹೆಚ್ಚುಕಮ್ಮಿ ಸೋಲುತ್ತಿತ್ತು!

ಈ ಕಥೆಯನ್ನು 'ಮರಳಿ ಯತ್ನವ ಮಾಡು' ಅನ್ನೋ ನೀತಿಪಾಠ ಮಾಡಿ ವಾಟ್ಸಾಪಿನಲ್ಲಿ ಹರಿಬಿಡುವುದು ಸುಲಭ. ಆದರೆ ಓದುತ್ತಾ ಹೋದ ಹಾಗೆ ನನಗೆ ಕಾಡಿದ ಪ್ರಶ್ನೆಯೇ ಬೇರೆ. ಹದಿನೇಳು ವರ್ಷ ಸೋಲುವುದಕ್ಕೆ ಹಟ ಬೇಕು ಸರಿ, ಆದರೆ ಊಟ ಯಾರು ಹಾಕುತ್ತಿದ್ದರು? ಅದನ್ನು ಹುಡುಕುತ್ತಾ ಬರೆದದ್ದು ಇದು.

ಮೊದಲು ಇಂಡಿ ಅಂದರೇನು ಅಂತ ಒಂದೆರಡು ಮಾತು. 70ರ ದಶಕದ ಕೊನೆಯಲ್ಲಿ ಪಂಕ್ ಸಂಗೀತದ ಅಲೆ ಎದ್ದಾಗ ಬ್ರಿಟನ್ನಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಗಳು ಹುಟ್ಟಿಕೊಂಡವು. ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಲೇಬಲ್ಲುಗಳು ಇವು. ಕೆಲವಂತೂ ಒಂದು ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆಯಿಂದಲೇ ನಡೆಯುತ್ತಿದ್ದವು. ಇಂಡಿಪೆಂಡೆಂಟ್ ಅನ್ನೋದೇ ಬಾಯಲ್ಲಿ ಸವೆದು ಇಂಡಿ ಆಯಿತು. ಬರುಬರುತ್ತಾ ಅಲ್ಲಿಂದ ಬಂದ ಹಾಡುಗಳ ಶೈಲಿಗೂ ಅದೇ ಹೆಸರು ಅಂಟಿಕೊಂಡಿತು.

ಪಲ್ಪ್ ಹುಟ್ಟಿದ ಊರು ಶೆಫೀಲ್ಡ್. ಉತ್ತರ ಇಂಗ್ಲೆಂಡಿನ ಉಕ್ಕಿನ ಊರು. ನಾವು ದಿನಾ ತೊಳೆದಿಡುವ ಸ್ಟೀಲ್ ತಟ್ಟೆ ಲೋಟಗಳಿಗೂ ಈ ಊರಿಗೂ ನಂಟಿದೆ. ಹ್ಯಾರಿ ಬ್ರೇರ್ಲಿ ಅನ್ನುವವರು 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು ಇಲ್ಲೇ. ಜಾರ್ವಿಸ್ ಕಾಕರ್ ಹುಟ್ಟಿದ್ದು 1963ರಲ್ಲಿ, ಇದೇ ಊರಿನಲ್ಲಿ. ಐದನೇ ವಯಸ್ಸಿನಲ್ಲಿ ಮೆನಿಂಜೈಟಿಸ್ ಬಂದು ಕಣ್ಣಿನ ದೃಷ್ಟಿ ಕೆಟ್ಟಿತು, ದಪ್ಪ ಕನ್ನಡಕ ಬಂತು. ಏಳು ವರ್ಷದವನಿದ್ದಾಗ ಅಪ್ಪ ಮನೆ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಉದ್ದ ಕಾಲಿನ, ಸಣಕಲು, ಕನ್ನಡಕದ ಹುಡುಗ. ಶನಿವಾರಗಳಲ್ಲಿ ಮೀನಿನ ಅಂಗಡಿಯಲ್ಲಿ ಏಡಿ ತಿಕ್ಕಿ ತೊಳೆಯುವ ಕೆಲಸ.

1978ರಲ್ಲಿ, ಹದಿನೈದನೇ ವಯಸ್ಸಿಗೆ, ಸ್ನೇಹಿತ ಪೀಟರ್ ಡಾಲ್ಟನ್ ಜೊತೆ ಸೇರಿ ಬ್ಯಾಂಡ್ ಕಟ್ಟಿದ. ಹೆಸರು ಸಿಕ್ಕಿದ್ದು ಎಕನಾಮಿಕ್ಸ್ ಕ್ಲಾಸಿನಲ್ಲಿ. ಪತ್ರಿಕೆಯ ಸರಕು ಮಾರುಕಟ್ಟೆ ಪುಟದಲ್ಲಿದ್ದ ಕಾಫಿಯ ಹೆಸರನ್ನೇ ತಿರುಚಿ 'ಅರಬಾಕಸ್ ಪಲ್ಪ್' ಅಂತ ಇಟ್ಟುಕೊಂಡರು. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಹೇಳಬೇಕಾಗಿಲ್ಲ, ಅದೇ ಅರೇಬಿಕಾ! ಆಮೇಲೆ ಕಾಫಿ ಉದುರಿಹೋಗಿ ಬರೀ ಪಲ್ಪ್ ಉಳಿಯಿತು. ಮೊದಲ ಸರಿಯಾದ ಕಾರ್ಯಕ್ರಮ ಕೊಟ್ಟಿದ್ದು 1980ರ ಜುಲೈನಲ್ಲಿ, ಪಕ್ಕದ ರಾದರಹ್ಯಾಮ್ ಊರಿನ ಆರ್ಟ್ಸ್ ಸೆಂಟರಿನಲ್ಲಿ.

ಆಗ ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ ಅಂತ ಒಬ್ಬರಿದ್ದರು. ಹೆಸರಿಲ್ಲದ ಬ್ಯಾಂಡುಗಳನ್ನು ಸ್ಟುಡಿಯೋಕ್ಕೆ ಕರೆಸಿ ಹಾಡಿಸಿ, ರಾತ್ರಿ ಪ್ರಸಾರ ಮಾಡುತ್ತಿದ್ದರು. ಬ್ರಿಟನ್ನಿನ ಇಂಡಿ ಸಂಗೀತದ ಅರ್ಧ ಇತಿಹಾಸ ಅವರ ಮೇಜಿನ ಮೇಲೆ ಹಾದು ಹೋಗಿದೆ ಅಂದರೂ ತಪ್ಪಿಲ್ಲ. 1981ರಲ್ಲಿ ಪೀಲ್ ಶೆಫೀಲ್ಡಿಗೆ ಬಂದಾಗ ಜಾರ್ವಿಸ್ ತಮ್ಮ ಹಾಡುಗಳ ಕ್ಯಾಸೆಟ್ಟನ್ನು ಅವರ ಕೈಗಿಟ್ಟ. ಕರೆ ಬಂದೇ ಬಂತು. ಆ ವರ್ಷದ ನವೆಂಬರಿನಲ್ಲಿ ಶಾಲಾ ಹುಡುಗರ ಬ್ಯಾಂಡು ಬಿಬಿಸಿಯಲ್ಲಿ ರೆಕಾರ್ಡ್ ಮಾಡಿತು. ಇನ್ನೇನು ಗೆದ್ದೇಬಿಟ್ವಿ ಅಂದುಕೊಂಡಿರಬೇಕು ಪಾಪ. ಇವರು ರೇಡಿಯೋದಿಂದ ಎರಡನೇ ಸಲ ಕರೆ ಬರಲಿ ಅಂತ ಕಾಯುತ್ತಿದ್ದಾಗ, ಅದೇ ಊರಿನ ಹ್ಯೂಮನ್ ಲೀಗ್ ಬ್ಯಾಂಡು ಆ ಡಿಸೆಂಬರಿನಲ್ಲೇ ದೇಶದ ನಂಬರ್ 1 ಆಗಿಬಿಟ್ಟಿತು. ಪಲ್ಪಿಗೆ ಜಾನ್ ಪೀಲರ ಎರಡನೇ ಸೆಷನ್ ಸಿಕ್ಕಿದ್ದು ಯಾವಾಗ ಗೊತ್ತೇ? 1993ರಲ್ಲಿ. ನಡುವೆ ಹನ್ನೊಂದು ವರ್ಷಕ್ಕೂ ಹೆಚ್ಚು!

ಶಾಲೆ ಮುಗಿಯಿತು. ಜೊತೆಗಾರರೆಲ್ಲ ಬುದ್ಧಿವಂತರು, ಯೂನಿವರ್ಸಿಟಿಗೆ ಹೊರಟರು. ಜಾರ್ವಿಸ್ ಕಾಲೇಜನ್ನು ಮುಂದೂಡಿ ಉಳಿದುಕೊಂಡ. 1983ರಲ್ಲಿ 'ಇಟ್' ಅನ್ನೋ ಪುಟ್ಟ ಆಲ್ಬಂ ಬಂತು. ಹೆಚ್ಚು ಪ್ರತಿ ಖರ್ಚಾಗಲಿಲ್ಲ. ಬ್ಯಾಂಡ್ ಚೆದುರಿತು, ಮತ್ತೆ ಕಟ್ಟಿದ. ಆಗ ಸೇರಿದವನು ರಸೆಲ್ ಸೀನಿಯರ್, ಗಿಟಾರು ಮತ್ತು ಪಿಟೀಲು. 1984ರಲ್ಲಿ ಕೀಬೋರ್ಡಿಗೆ ಕ್ಯಾಂಡಿಡಾ ಡಾಯ್ಲ್ ಬಂದಳು. ಹದಿನಾರನೇ ವಯಸ್ಸಿನಿಂದಲೇ ಆಕೆಗೆ ಸಂಧಿವಾತ. ಆ ಬೆರಳುಗಳಲ್ಲೇ ಮುಂದೆ ಅಷ್ಟೂ ವರ್ಷ ಕೀಬೋರ್ಡ್ ನುಡಿಸಿದಳು ಅನ್ನೋದನ್ನು ನೆನಪಿಟ್ಟುಕೊಂಡು ಆ ಹಾಡುಗಳನ್ನು ಕೇಳಬೇಕು.

ಅದು ಎಂಥಾ ಕಾಲ ಅಂದರೆ, ಶೆಫೀಲ್ಡಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. 1980ರಲ್ಲಿ ದೇಶದಾದ್ಯಂತ ಉಕ್ಕು ಕಾರ್ಮಿಕರ ಮುಷ್ಕರ. 1984-85ರಲ್ಲಿ ಗಣಿ ಕಾರ್ಮಿಕರ ಮುಷ್ಕರ. ಥ್ಯಾಚರ್ ಸರ್ಕಾರ ಜಗ್ಗಲಿಲ್ಲ. ಅಪ್ಪ ಹೋದ ಕಾರ್ಖಾನೆಗೇ ಮಗನೂ ಹೋಗುವ ಕಾಲ ಮುಗಿಯಿತು. ಊರಿನ ತುಂಬ ಕೆಲಸವಿಲ್ಲದ ಹುಡುಗರು. ಆದರೆ ನಿರುದ್ಯೋಗಿಗಳಿಗೆ ಸರ್ಕಾರದಿಂದ ಬರುವ ಭತ್ಯೆ ಇತ್ತು. ಅದಕ್ಕೆ ಅಲ್ಲಿನ ಜನ 'ಡೋಲ್' ಅನ್ನುತ್ತಾರೆ. ಎಂಬತ್ತರ ದಶಕದ ಬಹುಪಾಲು ಜಾರ್ವಿಸ್ ಬದುಕಿದ್ದು ಆ ಡೋಲಿನ ಮೇಲೆ. ವಿಕರ್ ಅನ್ನೋ ಬೀದಿಯ ಒಂದು ಹಳೇ ಕಾರ್ಖಾನೆ ಕಟ್ಟಡದಲ್ಲಿ ವಾಸ. ಓಡಾಡಲು ಬಸ್ಸು. ಸೌತ್ ಯಾರ್ಕ್‌ಷೈರಿನಲ್ಲಿ ಆಗ ಬಸ್ ದರ ಎಷ್ಟು ಕಡಿಮೆ ಅಂದರೆ ಮಕ್ಕಳಿಗೆ ಎರಡು ಪೆನ್ಸ್! ಸ್ಥಳೀಯ ಆಡಳಿತ ತೆರಿಗೆ ದುಡ್ಡು ಹಾಕಿ ದರವನ್ನು ವರ್ಷಗಟ್ಟಲೆ ಹಾಗೇ ಹಿಡಿದಿಟ್ಟಿತ್ತು. 1986ರಲ್ಲಿ ಆ ವ್ಯವಸ್ಥೆ ಮುಗಿಯಿತು, ದರ ಒಮ್ಮೆಲೇ ಏರಿತು.

1985ರ ನವೆಂಬರಿನಲ್ಲಿ ಇನ್ನೊಂದು ಘಟನೆ. ಒಬ್ಬ ಹುಡುಗಿಯ ಮುಂದೆ ಮಿಂಚೋಣ ಅಂತ ಜಾರ್ವಿಸ್ ಸ್ಪೈಡರ್‌ಮ್ಯಾನ್ ಥರ ಕಿಟಕಿಯ ಹೊರಗೆ ನೇತಾಡಲು ಹೋಗಿ ಕೈ ಸೋತು ಕೆಳಗೆ ಬಿದ್ದ. ಮೂಳೆಗಳು ಮುರಿದವು. ಆಸ್ಪತ್ರೆ ಸೇರಿದ. ಸ್ವಲ್ಪ ಕಾಲ ವೀಲ್‌ಚೇರಿನಲ್ಲೇ ಕೂತು ಸ್ಟೇಜಿನ ಮೇಲೆ ಹಾಡಿದ. ಕಥೆ ಹೇಳುವವರೆಲ್ಲ ಇಲ್ಲಿ ನಗಿಸಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅಲ್ಲಿಯ ಆಸ್ಪತ್ರೆಗಳ ನೆನಪಾಯಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಬಿಲ್ಲು ಕೊಡುವುದಿಲ್ಲ. ಕೆಲಸವಿಲ್ಲದ, ಅಪ್ಪ ಹತ್ತಿರವಿಲ್ಲದ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮೇಲಿನಿಂದ ಬಿದ್ದು, ಮನೆಯವರನ್ನು ಸಾಲಕ್ಕೆ ತಳ್ಳದೆ ಎದ್ದು ಬಂದ. ಇದು ಸಣ್ಣ ಮಾತಲ್ಲ.

1987ರಲ್ಲಿ 'ಫ್ರೀಕ್ಸ್' ಆಲ್ಬಂ. ಮತ್ತೆ ಸೋಲು. ಬೇಸತ್ತ ಜಾರ್ವಿಸ್ 1988ರಲ್ಲಿ ಲಂಡನ್ನಿಗೆ ಹೋಗಿ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜಿನಲ್ಲಿ ಸಿನಿಮಾ ಓದಲು ಸೇರಿಕೊಂಡ. ಆಗ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಕಾಲೇಜು ಫೀಸಿನ ಹೊರೆ ಇರಲಿಲ್ಲ, ಬಡ ಮನೆಯ ಮಕ್ಕಳಿಗೆ ಖರ್ಚಿಗೆ ಸಹಾಯಧನವೂ ಸಿಗುತ್ತಿತ್ತು. ಬ್ಯಾಂಡು ಪೂರ್ತಿ ಸಾಯಲಿಲ್ಲ. ಡ್ರಮ್ಸಿಗೆ ನಿಕ್ ಬ್ಯಾಂಕ್ಸ್ ಬಂದಿದ್ದ, ಬೇಸ್ ಗಿಟಾರಿಗೆ ಸ್ಟೀವ್ ಮ್ಯಾಕಿ ಬಂದ. 1989ರಲ್ಲಿ 'ಸೆಪರೇಶನ್ಸ್' ಆಲ್ಬಂ ರೆಕಾರ್ಡ್ ಆಯಿತು. ಅದು ಅಂಗಡಿಗೆ ಬಂದಿದ್ದು 1992ರಲ್ಲಿ! ಮೂರು ವರ್ಷ ರೆಕಾರ್ಡ್ ಕಂಪನಿಯ ಕಪಾಟಿನಲ್ಲಿ ಧೂಳು ತಿಂದಿತು. ನಾವು ಬರೆದ ಕೋಡು ಮೂರು ತಿಂಗಳು ರಿಲೀಸ್ ಆಗದಿದ್ದರೆ ಹೇಗೆ ಒದ್ದಾಡುತ್ತೇವೆ, ನೆನೆಸಿಕೊಳ್ಳಿ.

ಆದರೆ ಆ ಕಾಲದ ಒಂದು ಹಾಡು, 'ಮೈ ಲೆಜೆಂಡರಿ ಗರ್ಲ್‌ಫ್ರೆಂಡ್', 1991ರಲ್ಲಿ ಎನ್‌ಎಂಇ ಪತ್ರಿಕೆಯ ವಾರದ ಸಿಂಗಲ್ ಆಯಿತು. ಅಲ್ಲಿಂದ ಗಾಳಿ ತಿರುಗಿತು. ಶೆಫೀಲ್ಡಿನದೇ ಗಿಫ್ಟ್ ಅನ್ನೋ ಲೇಬಲ್ಲು 1992-93ರಲ್ಲಿ ಇವರ ಮೂರು ಸಿಂಗಲ್ ತಂದಿತು. ಐಲೆಂಡ್ ಎಂಬ ದೊಡ್ಡ ಲೇಬಲ್ಲು ಒಪ್ಪಂದ ಮಾಡಿಕೊಂಡಿತು. 1994ರ 'ಹಿಸ್ ಎನ್ ಹರ್ಸ್' ಆಲ್ಬಂ ಚಾರ್ಟಿನಲ್ಲಿ 9ನೇ ಸ್ಥಾನಕ್ಕೆ ಬಂತು. ಜಾರ್ವಿಸ್‌ಗೆ ಆಗ ಮೂವತ್ತು ತುಂಬಿತ್ತು. ಪಾಪ್ ಲೋಕದ ಲೆಕ್ಕದಲ್ಲಿ ಅದು ರಿಟೈರ್ ಆಗೋ ವಯಸ್ಸು.

ಈಗ ಆ ಪ್ರಸಿದ್ಧ ಹಾಡಿಗೆ ಬರೋಣ. ಜಾರ್ವಿಸ್ ತನ್ನ ಹಳೇ ರೆಕಾರ್ಡುಗಳನ್ನು ಲಂಡನ್ನಿನ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದಕ್ಕೆ ಮಾರಿ, ಅಲ್ಲೇ ಒಂದು ಹಳೇ ಕ್ಯಾಸಿಯೋ ಕೀಬೋರ್ಡ್ ತಗೊಂಡು ಬಂದ. ಅದರ ಮೇಲೆ ಕುಟ್ಟುತ್ತಾ ಹುಟ್ಟಿದ ರಾಗವೇ 'ಕಾಮನ್ ಪೀಪಲ್'. ಕಾಲೇಜಿನ ದಿನಗಳ ಒಂದು ನೆನಪು ಹಾಡಿನ ವಸ್ತು. ಗ್ರೀಸಿನಿಂದ ಬಂದ ಶ್ರೀಮಂತ ಹುಡುಗಿಯೊಬ್ಬಳು, ತನಗೆ ಸಾಮಾನ್ಯ ಜನರ ಹಾಗೆ ಬದುಕಿ ನೋಡಬೇಕು ಅಂತಾಳೆ. ಹಾಡುವವನು ಮೊದಲು ತಮಾಷೆಯಾಗಿ ಅವಳನ್ನು ಸೂಪರ್‌ಮಾರ್ಕೆಟಿಗೆ ಕರೆದುಕೊಂಡು ಹೋಗುತ್ತಾನೆ. ದುಡ್ಡಿಲ್ಲ ಅಂತ ನಟಿಸು ಅಂತಾನೆ. ಹಾಡು ಮುಂದೆ ಹೋದ ಹಾಗೆ ಲಯ ಏರುತ್ತದೆ, ದನಿ ಏರುತ್ತದೆ, ತಮಾಷೆ ಸಿಟ್ಟಾಗುತ್ತದೆ. ನೀನು ಎಷ್ಟೇ ಹರಕು ಕೋಣೆಯಲ್ಲಿದ್ದರೂ, ಸಾಕಾದಾಗ ಅಪ್ಪನಿಗೆ ಒಂದು ಫೋನ್ ಮಾಡಿದರೆ ಎಲ್ಲ ಮುಗಿಯುತ್ತದೆ. ನಮಗೆ ಹಾಗೆ ಮುಗಿಯುವುದಿಲ್ಲ. ಇಷ್ಟೇ ಹಾಡಿನ ಸಾರಾಂಶ. ಪಾಪ್ ಹಾಡಿನಲ್ಲಿ ವರ್ಗದ ಬಗ್ಗೆ ಇಷ್ಟು ನೇರವಾಗಿ, ಅದೂ ಕುಣಿಯೋ ಥರ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

1995ರ ಮೇ ತಿಂಗಳಲ್ಲಿ ಸಿಂಗಲ್ ಹೊರಬಂತು. ನೇರ 2ನೇ ಸ್ಥಾನ. ಜೂನಿನಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಶನಿವಾರ ರಾತ್ರಿ ಹಾಡಬೇಕಿದ್ದ ಸ್ಟೋನ್ ರೋಸಸ್ ಬ್ಯಾಂಡಿನ ಗಿಟಾರಿಸ್ಟು ಜಾನ್ ಸ್ಕ್ವಯರ್ ಸೈಕಲ್ಲಿನಿಂದ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡ. ಕೆಲವೇ ದಿನ ಇರುವಾಗ ಬದಲಿಗೆ ಪಲ್ಪನ್ನು ಕರೆದರು. ಜೂನ್ 24ರ ರಾತ್ರಿ ಕೊನೆಯ ಹಾಡಾಗಿ 'ಕಾಮನ್ ಪೀಪಲ್' ಶುರುವಾದಾಗ ಇಡೀ ಮೈದಾನ ಜೊತೆಗೆ ಹಾಡಿತು. ಆ ವಿಡಿಯೋ ಸಿಗುತ್ತದೆ, ಹುಡುಕಿ ನೋಡಿ. ಹಾಡಿನ ಮುಂಚೆ ಜಾರ್ವಿಸ್ ಜನರಿಗೆ ಒಂದು ಮಾತು ಹೇಳುತ್ತಾನೆ. ಮನಸ್ಸಿಟ್ಟು ಬಯಸಿದರೆ ಆಗಿಯೇ ಆಗುತ್ತದೆ, ಇಷ್ಟು ವರ್ಷದ ಮೇಲೆ ನಾವು ಇಲ್ಲಿ ನಿಂತಿರುವುದೇ ಅದಕ್ಕೆ ಸಾಕ್ಷಿ ಎಂಬರ್ಥದ ಮಾತು.

ಅಕ್ಟೋಬರಿನಲ್ಲಿ ಬಂದ 'ಡಿಫರೆಂಟ್ ಕ್ಲಾಸ್' ಆಲ್ಬಂ ನಂಬರ್ 1 ಆಯಿತು. ಬ್ರಿಟನ್ನಿನಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1996ರಲ್ಲಿ ಮರ್ಕ್ಯುರಿ ಪ್ರಶಸ್ತಿ ಬಂತು. ಆ ಹಣವನ್ನು ಯುದ್ಧಪೀಡಿತ ಮಕ್ಕಳಿಗಾಗಿ ದುಡಿಯುವ ವಾರ್ ಚೈಲ್ಡ್ ಸಂಸ್ಥೆಗೆ ಕೊಟ್ಟುಬಿಟ್ಟರು. ಅದೇ ವರ್ಷದ ಫೆಬ್ರುವರಿಯಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭ. ಮೈಕೆಲ್ ಜಾಕ್ಸನ್ ಸುತ್ತ ಮಕ್ಕಳನ್ನು ನಿಲ್ಲಿಸಿಕೊಂಡು ದೇವದೂತನ ಹಾಗೆ ಹಾಡುತ್ತಿದ್ದಾಗ, ಅದನ್ನು ಸಹಿಸಲಾಗದ ಜಾರ್ವಿಸ್ ವೇದಿಕೆ ಹತ್ತಿ, ಪ್ರೇಕ್ಷಕರ ಕಡೆ ಬೆನ್ನು ತಿರುಗಿಸಿ ಹಿಂಬದಿ ತೋರಿಸಿ ಬಂದ. ಪೊಲೀಸರು ಕರೆದೊಯ್ದರು. ಹಿಂದೆ ವಕೀಲನಾಗಿದ್ದ ಹಾಸ್ಯನಟ ಬಾಬ್ ಮಾರ್ಟಿಮರ್ ಅವನ ಪರವಾಗಿ ಜೊತೆಗೆ ಹೋದ! ಕೇಸೇನೂ ಆಗಲಿಲ್ಲ. ಆದರೆ ಅಲ್ಲಿಯವರೆಗೆ ಗಾಯಕನಾಗಿದ್ದವನು ಆಮೇಲೆ ಪತ್ರಿಕೆಗಳ ಸುದ್ದಿಯ ಸರಕಾದ.

ಗೆದ್ದ ಮೇಲಿನ ಕಥೆ ಸ್ವಲ್ಪ ಮಂಕು. 1997ರ ಆರಂಭದಲ್ಲಿ ರಸೆಲ್ ಬಿಟ್ಟು ಹೋದ. 1998ರ 'ದಿಸ್ ಈಸ್ ಹಾರ್ಡ್‌ಕೋರ್' ಕೀರ್ತಿಯಿಂದ ಸುಸ್ತಾದವನ ಆಲ್ಬಂ. ಅದೂ ನಂಬರ್ 1 ಆಯಿತು, ಆದರೆ ಮಾರಾಟ ಹಿಂದಿನ ಹತ್ತಿರಕ್ಕೂ ಬರಲಿಲ್ಲ. 'ಡಿಸ್ಕೋ 2000' ಥರ ಇನ್ನೊಂದು ಬೇಕೆಂದವರಿಗೆ ನಿರಾಸೆ. ನನ್ನ ಮಟ್ಟಿಗೆ ಅದು ಅವರ ಅತ್ಯಂತ ಪ್ರಾಮಾಣಿಕ ಆಲ್ಬಂ. 2001ರಲ್ಲಿ ಸ್ಕಾಟ್ ವಾಕರ್ ನಿರ್ಮಿಸಿದ 'ವಿ ಲವ್ ಲೈಫ್' ಬಂತು. 2002ರ ಡಿಸೆಂಬರಿನಲ್ಲಿ ಒಂದು ಕಾರ್ಯಕ್ರಮ ಕೊಟ್ಟು ಸುಮ್ಮನಾದರು. ಎಲ್ಲಿ? ಅದೇ ರಾದರಹ್ಯಾಮಿನಲ್ಲಿ, ಮ್ಯಾಗ್ನಾ ಎಂಬಲ್ಲಿ. ಮ್ಯಾಗ್ನಾ ಅಂದರೆ ಮುಚ್ಚಿದ ಉಕ್ಕಿನ ಕಾರ್ಖಾನೆಯೊಂದನ್ನು ವಿಜ್ಞಾನ ಪ್ರದರ್ಶನಾಲಯವಾಗಿ ಬದಲಾಯಿಸಿದ ಜಾಗ. ಇವರು ಶುರುಮಾಡಿದಾಗ ಮುಳುಗುತ್ತಿದ್ದ ಉದ್ಯಮ, ಇವರು ನಿಲ್ಲಿಸುವ ಹೊತ್ತಿಗೆ ಟಿಕೆಟ್ ಕೊಟ್ಟು ನೋಡುವ ವಸ್ತುವಾಗಿತ್ತು.

ಅಲ್ಲಿಗೇ ಮುಗಿಯಲಿಲ್ಲ. 2011-12ರಲ್ಲಿ ಹಳಬರೆಲ್ಲ ಸೇರಿ ಪ್ರವಾಸ ಮಾಡಿದರು, ರಸೆಲ್ ಕೂಡ ಬಂದಿದ್ದ. 2023ರಲ್ಲಿ ಮತ್ತೆ ಸೇರಿದರು. ಆ ವರ್ಷದ ಮಾರ್ಚಿನಲ್ಲೇ ಸ್ಟೀವ್ ಮ್ಯಾಕಿ 56ನೇ ವಯಸ್ಸಿಗೆ ತೀರಿಕೊಂಡ. 2025ರ ಜೂನಿನಲ್ಲಿ, ಇಪ್ಪತ್ನಾಲ್ಕು ವರ್ಷದ ಮೇಲೆ, 'ಮೋರ್' ಅನ್ನೋ ಹೊಸ ಆಲ್ಬಂ ಬಂತು. ಸ್ಟೀವ್‌ಗೇ ಅರ್ಪಣೆ. ಬಿಡುಗಡೆ ಮಾಡಿದ್ದು ರಫ್ ಟ್ರೇಡ್, ಇಂಡಿ ಚಳುವಳಿಯ ಹಳೇ ಹೆಸರು. ಅರವತ್ತೆರಡಕ್ಕೆ ಹತ್ತಿರವಾಗಿದ್ದ ಜಾರ್ವಿಸ್‌ನ ಆಲ್ಬಂ ಮತ್ತೆ ನಂಬರ್ 1! ಅದೇ ತಿಂಗಳು ಗ್ಲಾಸ್ಟನ್‌ಬರಿಯಲ್ಲಿ 'ಪ್ಯಾಚ್‌ವರ್ಕ್' ಅನ್ನೋ ಸುಳ್ಳು ಹೆಸರಿನಲ್ಲಿ ಬಂದು, ಮೂವತ್ತು ವರ್ಷದ ಮೇಲೆ ಅದೇ ಹಾಡು ಹಾಡಿದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮನಸ್ಸಿಟ್ಟು ಬಯಸಿದರೆ ಆಗುತ್ತದೆ ಅಂತ ಜಾರ್ವಿಸ್ 1995ರಲ್ಲಿ ಹೇಳಿದ್ದು ಅರ್ಧ ಸತ್ಯ ಅಂತ ನನಗನ್ನಿಸುತ್ತದೆ. ಇನ್ನರ್ಧ ಅವನ ಹಾಡಿನಲ್ಲೇ ಇದೆ. ಬಿದ್ದರೆ ಹಿಡಿಯುವವರು ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ನಾವು ಎಷ್ಟು ದಿನ ಸೋಲಬಹುದು ಅನ್ನೋದು ತೀರ್ಮಾನವಾಗುತ್ತದೆ. ಗ್ರೀಸಿನ ಹುಡುಗಿಗೆ ಅಪ್ಪ ಇದ್ದ. ಜಾರ್ವಿಸ್‌ಗೆ ಹಾಗೆ ಫೋನ್ ಮಾಡಬಹುದಾದ ಅಪ್ಪ ಇರಲಿಲ್ಲ. ಆದರೆ ಡೋಲ್ ಇತ್ತು, ಬಿಲ್ಲು ಕೇಳದ ಆಸ್ಪತ್ರೆ ಇತ್ತು, ಅಗ್ಗದ ಬಸ್ಸು ಇತ್ತು, ಫೀಸಿಲ್ಲದ ಕಾಲೇಜು ಇತ್ತು, ತೆರಿಗೆ ದುಡ್ಡಿನಲ್ಲಿ ನಡೆಯುವ ರೇಡಿಯೋ ಇತ್ತು... ಅಲ್ಲ, ಬಿಬಿಸಿ ನಡೆಯುವುದು ಲೈಸೆನ್ಸ್ ಫೀಸಿನಿಂದ. ಅದೂ ಜನರ ದುಡ್ಡೇ ಬಿಡಿ. ಇದನ್ನೆಲ್ಲ ಯಾರೂ 'ಪಲ್ಪ್ ಬ್ಯಾಂಡಿಗೆ ಪ್ರೋತ್ಸಾಹ' ಅಂತ ಕೊಡಲಿಲ್ಲ. ಎಲ್ಲರಿಗೂ ಇದ್ದದ್ದು ಇವರಿಗೂ ಸಿಕ್ಕಿತು.

ಡೋಲ್ ಕೊಟ್ಟರೆ ಹಾಡು ಹುಟ್ಟುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಭತ್ಯೆ ತಗೊಂಡ ಲಕ್ಷಾಂತರ ಜನ ಕೆಲಸ ಕಳೆದುಕೊಂಡವರು, ಅವರಿಗದು ಅವಮಾನದ ದುಡ್ಡು. ಪ್ರತಿಭೆ, ಹಟ ಎರಡೂ ಜಾರ್ವಿಸ್‌ನದೇ. ಆದರೆ ಅದಕ್ಕೆ ಮಾಗುವ ಸಮಯ ಕೊಟ್ಟಿದ್ದು ಆ ವ್ಯವಸ್ಥೆ. ಆಮೇಲೆ ಅದು ಒಂದೊಂದಾಗಿ ಕರಗಿತು. 1990ರಿಂದ ಸಹಾಯಧನದ ಜಾಗಕ್ಕೆ ವಿದ್ಯಾರ್ಥಿ ಸಾಲ ಬರತೊಡಗಿತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಫೀಸು ಬಂತು, 2012ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದು 9,000 ಪೌಂಡಿಗೆ ಏರಿತು. ಏಡಿ ತಿಕ್ಕಿದ ಹುಡುಗ ಇವತ್ತು ಸೇಂಟ್ ಮಾರ್ಟಿನ್ಸಿಗೆ ಸೇರುವ ಮುಂಚೆ ಕ್ಯಾಲ್ಕ್ಯುಲೇಟರ್ ಹಿಡಿಯಬೇಕು.

ಆರು ತಿಂಗಳಿಗೊಮ್ಮೆ ಅಪ್ರೈಸಲ್ ಅಂತ ನಮ್ಮನ್ನು ತೂಗಿ ನೋಡುವ ಕೆಲಸದಲ್ಲಿ ಇರುವವನು ನಾನು. ಎರಡು ಸಲ ಸತತ ಸೋತರೆ ಅಲ್ಲಿಗೆ ಕಥೆ ಮುಗಿದ ಹಾಗೆ. ಹದಿನೇಳು ವರ್ಷ ಅನ್ನೋ ಸಂಖ್ಯೆ ನನ್ನನ್ನು ಇಷ್ಟು ಹಿಡಿದಿದ್ದು ಅದಕ್ಕೇ ಇರಬೇಕು. ನಾವು ರಾತ್ರಿ ಕೂತು ಕನ್ನಡದಲ್ಲಿ ಬರೆಯುತ್ತೇವೆ, ಯಾರೂ ಓದದಿದ್ದರೂ ಪರವಾಗಿಲ್ಲ ಅನ್ನುತ್ತೇವೆ. ಹಾಗನ್ನೋ ಧೈರ್ಯ ಬರುವುದು ತಿಂಗಳ ಕೊನೆಗೆ ಸಂಬಳ ಬೀಳುತ್ತದೆ ಅನ್ನೋ ಭರವಸೆಯಿಂದ. ಆ ಭರವಸೆ ಇಲ್ಲದೆ ನಮಗಿಂತ ಚೆನ್ನಾಗಿ ಬರೆಯಬಲ್ಲವರು, ಹಾಡಬಲ್ಲವರು ಮೂರನೇ ವರ್ಷಕ್ಕೋ ನಾಲ್ಕನೇ ವರ್ಷಕ್ಕೋ ಬಿಟ್ಟುಹೋಗಿರುತ್ತಾರೆ. ಅವರ ಹೆಸರು ಯಾವ ಇತಿಹಾಸದಲ್ಲೂ ಬರುವುದಿಲ್ಲ.

ಹೊಸಬರು ಎಲ್ಲಿಂದ ಕೇಳಲು ಶುರು ಮಾಡಬೇಕು ಅಂದರೆ, 'ಡಿಫರೆಂಟ್ ಕ್ಲಾಸ್' ಆಲ್ಬಂನಿಂದಲೇ ಮಾಡಿ. 'ಕಾಮನ್ ಪೀಪಲ್' ಪೂರ್ತಿ ಆವೃತ್ತಿ ಕೇಳಿ, ಸುಮಾರು ಆರು ನಿಮಿಷದ್ದು. ರೇಡಿಯೋಗೆ ಅಂತ ಕತ್ತರಿಸಿದ್ದರಲ್ಲಿ ಆ ಸಿಟ್ಟು ಅಷ್ಟು ಸಿಗುವುದಿಲ್ಲ. ಇಷ್ಟವಾದರೆ, ಆಗದಿದ್ದರೂ, ಒಂದು ಸಾಲು ಬರೆದು ತಿಳಿಸಿ :)